ಕೂಡಿ ಉಂಡ ಬಗ್ಗೆ ಪ್ರಮಾಣಪತ್ರ

ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಲ್ಲಿ ಗಂಡ ಹೆಂಡತಿ ಕೂಡಿ ಕುಳಿತು ಉಣ್ಣುವ ಪ್ರಮಾಣವು ಶೂನ್ಯವಾಗಿರುತ್ತದೆ ಎಂದು ದಂಪತಿ ಸಮಭೋಜನ ಮಂಡಳಿಯು ತಾರೀಖು ಹಾಕಿ, ಸಿಕ್ಕಾ ಹೊಡೆದು ಪ್ರಕಟಿಸಿತು. ಸದರಿ ಶೂನ್ಯವನ್ನು ಮಾರ್ಚ್ ಮೂವತ್ತೊಂದರೊಳಗೆ ಒಂದಕ್ಕೆ ಏರಿಸತಕ್ಕದ್ದು ಎಂಬ ಗುರಿಯೂ ಅದೇ ಹಾಳೆಯಲ್ಲಿತ್ತು. ಗುರಿ ತೀರ ದೊಡ್ಡದಾಯಿತೆಂದು ಮಂಡಳಿಯೊಳಗೇ ಕೆಲವರು ಗೊಣಗಿದರು.

ಊರಲ್ಲಿ ಕೂಡಿ ಉಣ್ಣಲು ನಾಚಿಕೆ ಪಡುವವರು ಶಹರದಲ್ಲಿ ಉಂಡಾರು ಎಂಬ ಲೆಕ್ಕಾಚಾರದ ಮೇಲೆ, ತಾಲೂಕಿಗೊಂದು ಜೋಡಿಯನ್ನು ಆರಿಸಿ ಎರಡು ದಿನ ಹುಬ್ಬಳ್ಳಿಗೆ ಕಳಿಸುವುದೆಂದು ಠರಾವಾಯಿತು. ಉಣಕಲ್ ಕೆರೆ ನೋಡುವುದು, ಗಾಜಿನ ಮನೆ ನೋಡುವುದು, ಒಂದು ಖಾನಾವಳಿಯಲ್ಲಿ ಎದುರುಬದುರು ಕುಳಿತು ಉಣ್ಣುವುದು. ಹಿರೇಕೆರೂರು ತಾಲೂಕಿನಿಂದ ಚಿಕ್ಕೇರೂರಿನ ಗುದ್ಲೆಪ್ಪ ಮತ್ತು ರಾಜಶ್ರೀ ಆಯ್ಕೆಯಾದರು. ನೀವು ಕೂಡಿ ಉಣ್ಣುತ್ತೀರಾ ಎಂದು ಸಮೀಕ್ಷೆಯವರು ಕೇಳಿದಾಗ ಗುದ್ಲೆಪ್ಪ ಮೀಸೆ ಒರೆಸಿಕೊಂಡು, ಒಂದೇ ಮನೆಯಲ್ಲಿ ಉಣ್ಣುತ್ತೇವೆ ಎಂದಿದ್ದ. ನಾಲ್ಕು ತಾಲೂಕಿನಲ್ಲಿ ಇದಕ್ಕಿಂತ ಹತ್ತಿರದ ಉತ್ತರ ಮತ್ತೊಂದು ಬಂದಿರಲಿಲ್ಲ.

ರಾಜಶ್ರೀಗೆ ಕೆರೆಯೂ ಬೇಕಿರಲಿಲ್ಲ, ಗಾಜಿನ ಮನೆಯೂ ಬೇಕಿರಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಹಂಚಿನಿಂದ ಇಳಿದ ಒಂದೊಂದು ರೊಟ್ಟಿಯೂ ಮಾವನ ತಾಟಿಗೆ, ಗಂಡನ ತಾಟಿಗೆ, ಮಕ್ಕಳ ತಾಟಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಬೀಗರ ತಾಟಿಗೆ ಹೋಗಿತ್ತು. ನೀನು ಉಣ್ಣು ಎಂದು ಯಾರಾದರೂ ಅಂದರೆ "ನಂದೇನು, ನಾ ಆಮ್ಯಾಲೆ ಉಣ್ತೇನಿ" ಅನ್ನುವುದು, ಒಲೆ ಆರಿದ ಮೇಲೆ ತಣ್ಣಗಾಗಿ ಚರ್ಮದಂತಾದ ರೊಟ್ಟಿ ಮುರಿಯುವುದು. ಆಕೆಗೆ ಬೇಕಿದ್ದದ್ದು ಒಂದೇ ಒಂದು ಬಿಸಿ ರೊಟ್ಟಿ. ತಾನು ಕುಳಿತಿರಬೇಕು, ಬೇರೆಯವರು ತಂದು ತಾಟಿಗೆ ಹಾಕಬೇಕು. ಇದನ್ನು ಯಾರಿಗಾದರೂ ಹೇಳಿದರೆ ನಕ್ಕಾರು ಎಂದು ಬಸ್ಸಿನ ಕಿಟಕಿಗೆ ಮುಖ ಮಾಡಿ ಕುಳಿತಳು.

ಹಿಂದಿನ ಸೀಟಿನಲ್ಲಿ ಮಂಡಳಿಯ ಮೇಲ್ವಿಚಾರಕ ಉಡಚಪ್ಪನವರು ನಮೂನೆ ಏಳನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅದರಲ್ಲಿ ನಾಲ್ಕು ಕಾಲಂ. ಇಬ್ಬರೂ ಕುಳಿತಿರಬೇಕು. ತಾಟಿನಲ್ಲಿರುವುದು ಬಿಸಿ ಇರಬೇಕು, ಬಿಸಿ ಎಂದರೆ ಹೊಗೆ ಕಾಣತಕ್ಕದ್ದು. ಇಬ್ಬರ ಬಾಯಲ್ಲೂ ಏಕಕಾಲಕ್ಕೆ ತುತ್ತು ಇರಬೇಕು, ಫೋಟೋ ಲಗತ್ತಿಸುವುದು. ತಾಟು ಖಾಲಿಯಾಗುವ ತನಕ ಯಾರೂ ಏಳಬಾರದು. ಪಾಪ, ಉಡಚಪ್ಪನವರ ಸ್ಥಿತಿ ಚಿಂತಾಜನಕವಾಗಿತ್ತು. ಈ ಮೊದಲು ಕಳಿಸಿದ್ದ ಹಾನಗಲ್ಲಿನ ಜೋಡಿ ಬಸ್ಸಿನಲ್ಲೇ ಜಗಳವಾಡಿ ಬೇರೆ ಬೇರೆ ಸ್ಟಾಪಿನಲ್ಲಿ ಇಳಿದಿತ್ತು. ಶಿಗ್ಗಾಂವಿಯ ಹೆಣ್ಣುಮಗಳು ಅವತ್ತು ಉಪವಾಸ. ಸವಣೂರಿನವರು ಏಕಕಾಲಕ್ಕೆ ಅಗಿದದ್ದು ನಿಜ, ಆದರೆ ಅಗಿದದ್ದು ಎಲೆ ಅಡಿಕೆ. ಅದನ್ನು ಊಟವೆಂದು ಪರಿಗಣಿಸಲು ಮೇಲಿನವರು ಒಪ್ಪಲಿಲ್ಲ. ಉಳಿದದ್ದು ಇದೊಂದೇ ಜೋಡಿ, ಮಾರ್ಚಿನಲ್ಲಿ ಉಳಿದದ್ದು ಎರಡೇ ದಿನ.

ಮೊದಲ ದಿನ ಖಾನಾವಳಿಯವರು ಪ್ಲಾಸ್ಟಿಕ್ ಹೂವಿಟ್ಟ ಮೇಜಿನ ಮುಂದೆ ಇಬ್ಬರನ್ನೂ ಕೂರಿಸಿ, ಬುಟ್ಟಿಯಲ್ಲಿ ಹೊಗೆಯಾಡುವ ರೊಟ್ಟಿ ತಂದಿಟ್ಟರು. ರಾಜಶ್ರೀಗೆ ಬೇಕಿದ್ದದ್ದು ಎದುರಿಗೇ ಇತ್ತು. ಆದರೆ ಕೈಗೆ ಯಾರು ಹೇಳಬೇಕು? ಮೊದಲ ರೊಟ್ಟಿ ಗಂಡನ ತಾಟಿಗೆ ಹೋಯಿತು. ಎರಡನೆಯದು, ಬಾಜೂಕ್ಕೆ ಖಾಲಿ ಹೊಟ್ಟೆಯಲ್ಲಿ ಪೆನ್ನು ಹಿಡಿದು ಕುಳಿತ ಉಡಚಪ್ಪನವರಿಗೆ. ಮನುಷ್ಯರನ್ನು ಎದುರಿಗೆ ಉಪವಾಸ ಕೂರಿಸಿ ಹೆಂಗ ಉಣ್ಣುವುದು? ಅಷ್ಟರಲ್ಲಿ ಬಡಿಸುವವನು ಬದನೆಕಾಯಿ ಎಣಗಾಯಿಯನ್ನು ರೊಟ್ಟಿಯ ಮೇಲೇ ಸುರಿದ. ಆಕೆಗೆ ತಡೆಯಲಾಗಲಿಲ್ಲ. ಸೌಟು ಕಸಿದುಕೊಂಡು ಎದ್ದು ನಿಂತಳು. ಕೈಯಲ್ಲಿ ಸೌಟು ಹಿಡಿದು ನಿಂತ ಹೆಣ್ಣುಮಗಳನ್ನು ಕಂಡ ಮೇಲೆ ಪಕ್ಕದ ಮೇಜಿನವರು ಸುಮ್ಮನಿರುತ್ತಾರೆಯೇ, ಅಕ್ಕಾರ, ಇತ್ತಾಗ ಒಂಚೂರು ಎಂದರು. ಅರ್ಧ ತಾಸಿನಲ್ಲಿ ಆಕೆ ಏಳು ಮೇಜಿಗೆ ಬಡಿಸಿದ್ದಳು. ಮ್ಯಾನೇಜರು ಒಂದು ಏಪ್ರನ್ ಕೊಟ್ಟು, ನಾಳೆಯಿಂದ ಜಲ್ದಿ ಬರಬೇಕೆಂದು ತಾಕೀತು ಮಾಡಿದರು. ಗುದ್ಲೆಪ್ಪ ಐದು ರೊಟ್ಟಿ ಉಂಡು ತೇಗಿದ. ಬುಟ್ಟಿ ಖಾಲಿಯಾಗಿತ್ತು.

ಉಡಚಪ್ಪನವರು ನಾಲ್ಕನೇ ಕಾಲಮಿನಲ್ಲಿ ತಪ್ಪು ಗುರುತು ಹಾಕಿದರು. ಮರುದಿನ ಮಧ್ಯಾಹ್ನ ಎರಡನೇ ಪ್ರಯತ್ನ. ಸದರಿ ಮಹಿಳೆಯ ಕೈಗೆ ಎಟುಕುವಂತೆ ಸೌಟು, ಚಮಚ, ಬುಟ್ಟಿ, ತಂಬಿಗೆ ಇತ್ಯಾದಿ ಇಡಬಾರದೆಂದು ಖಾನಾವಳಿಗೆ ಲಿಖಿತ ಸೂಚನೆ ಹೋಯಿತು. ರಾಜಶ್ರೀ ಎರಡೂ ಕೈ ತೊಡೆಯ ಮೇಲಿಟ್ಟು ಕುಳಿತಳು. ಬಂತು, ಉಬ್ಬಿದ ರೊಟ್ಟಿ, ಆಕೆಯ ಸ್ವಂತ ತಾಟಿಗೇ ಬಂತು!

ಗಂಡ ಬಾಯಿಗಿಡಲಿ ಎಂದು ಆಕೆ ಕಾದಳು. ಹೆಂಡತಿ ಮೊದಲು ತುತ್ತು ಎತ್ತತಕ್ಕದ್ದು ಎಂದು ಮಂಡಳಿಯ ಸುತ್ತೋಲೆಯಲ್ಲಿದ್ದುದರಿಂದ ಗಂಡ ಕಾದ. ಏಕಕಾಲವಾಗಲಿ ಎಂದು ಉಡಚಪ್ಪನವರು ಮೊಬೈಲು ಹಿಡಿದು ಕಾದರು. ಹೊಗೆ ಹೋಯಿತು. ಎರಡನೇ ಕಾಲಂ ರದ್ದಾಯಿತು. ಮತ್ತೊಂದು ರೊಟ್ಟಿ ತರಿಸಿದರು, ಮತ್ತೆ ಕಾದರು. ಹೀಗೆ ಹನ್ನೊಂದು ರೊಟ್ಟಿ ಆಕೆಯ ಕಣ್ಣೆದುರೇ ಆರಿದವು. ಸಂಕಟವೆಂದರೆ ಇಂಥದ್ದು ನೋಡ್ರಿ. ಆರಿದ್ದನ್ನೆಲ್ಲ, ಅನ್ನ ಕೆಡಿಸಬಾರದೆಂದು, ಗುದ್ಲೆಪ್ಪ ಆಚೆ ಮೇಜಿಗೆ ಒಯ್ದು ಒಬ್ಬನೇ ಉಂಡ. ಇನ್ನು ಬೇಯಿಸಬೇಡಿ, ಜೋಳ ಹಾಳು ಎಂದು ಹೇಳಲು ರಾಜಶ್ರೀ ಅಡುಗೆಮನೆಗೆ ಹೋದಳು.

ಅಲ್ಲಿ ಹಂಚಿನ ಮುಂದೆ ಅನ್ನವ್ವ ಎಂಬಾಕೆ ಕುಳಿತಿದ್ದಳು. ಹಾನಗಲ್ ಕಡೆಯ ಆಡೂರಿನವಳು, ಈ ಖಾನಾವಳಿಗೆ ಹದಿನೈದು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದಳು. ಆಕೆ ತಲೆಯೆತ್ತಿ ನೋಡಿ ಕೇಳಿದಳು: "ನೀ ಉಂಡಿ ಏನವಾ?"

"ನಂದೇನು..." ಎಂದು ಶುರು ಮಾಡಿದ ರಾಜಶ್ರೀ ಹಂಚಿನ ಮೇಲೆ ಉಬ್ಬುತ್ತಿದ್ದ ರೊಟ್ಟಿ ನೋಡಿದಳು. ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡು ಹೇಳಿಬಿಟ್ಟಳು: "ಇಲ್ಲಬೇ, ಉಂಡಿಲ್ಲ. ನನಗ ಒಂದು ಬಿಸಿ ರೊಟ್ಟಿ ಬೇಕಾಗೈತಿ."

ಅನ್ನವ್ವ ನಗಲಿಲ್ಲ. ಮಣೆ ಸರಿಸಿದಳು, ಕೂರಿಸಿದಳು, ಹಂಚಿನಿಂದ ತೆಗೆದು ನೇರ ತಾಟಿಗೆ ಹಾಕಿದಳು, ಮೇಲೆ ಬೆಣ್ಣೆ. ರಾಜಶ್ರೀ ಬೆರಳು ಸುಟ್ಟುಕೊಂಡು, ನಾಲಿಗೆ ಸುಟ್ಟುಕೊಂಡು, ಯಾರ ದಾರಿಯನ್ನೂ ಕಾಯದೆ ಪೂರಾ ಉಂಡಳು. ಇಷ್ಟು ರುಚಿ ಇರುತ್ತದೆಂದು ಇಪ್ಪತ್ತೆರಡು ವರ್ಷ ಬಡಿದವಳಿಗೇ ಗೊತ್ತಿರಲಿಲ್ಲ. ಉಂಡ ಮೇಲೆ ನೆನಪಾಗಿ, ನಿನ್ನದು ಊಟ ಆಯಿತೇ ಎಂದು ಕೇಳಿದಳು. ಈ ಹದಿನೈದು ವರ್ಷದಲ್ಲಿ ಅನ್ನವ್ವನದು ಯಾವತ್ತೂ ನಾಲ್ಕು ಗಂಟೆಗೆ, ತಣ್ಣಗೆ. ರಾಜಶ್ರೀ ಆಕೆಯನ್ನು ಎಬ್ಬಿಸಿ ಮಣೆಯ ಮೇಲೆ ಕೂರಿಸಿದಳು, ತಾನು ಒಂದು ರೊಟ್ಟಿ ಬಡಿದಳು. ಬೆಂದದ್ದನ್ನು ಅನ್ನವ್ವ ಎರಡು ಹೋಳು ಮಾಡಿ, ಅರ್ಧ ನೀ ತೊಗೊಂಡರಷ್ಟೇ ನಾನು ಉಣ್ಣುವುದು ಎಂದು ಹಟ ಹಿಡಿದಳು. ಇಬ್ಬರೂ ಕುಳಿತು ಬಾಯಿಗಿಟ್ಟರು.

ಹುಡುಕುತ್ತ ಬಂದ ಉಡಚಪ್ಪನವರು ಬಾಗಿಲಲ್ಲೇ ನಿಂತರು. ಕುಳಿತಿದ್ದಾರೆ, ಇಬ್ಬರೂ. ಹೊಗೆ, ಸ್ಪಷ್ಟ. ತುತ್ತು, ಎರಡೂ ಬಾಯಲ್ಲಿ. ಫೋಟೋ ಹೊಡೆದು, ತಾಟು ಖಾಲಿಯಾಗುವ ತನಕ ಉಸಿರು ಬಿಗಿಹಿಡಿದು ನಿಂತು, ನಾಲ್ಕೂ ಕಾಲಮಿಗೆ ಸರಿ ಗುರುತು ಹಾಕಿದರು.

ಹಿಂದೆಯೇ ಬಂದ ಗುದ್ಲೆಪ್ಪ ಹೇಳಿದ: "ಸಾಹೇಬ್ರ, ಇಕಿ ನನ್ನ ಹೇಣ್ತಿ ಅದಾಳ್ರಿ."

ಉಡಚಪ್ಪನವರು ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಯಾರು ಯಾರಿಗೆ ಏನಾಗಬೇಕೆಂದು ಯಾವ ಕಾಲಮಿನಲ್ಲೂ ಕೇಳಿರಲಿಲ್ಲ. ಅಷ್ಟು ತಿಳಿಯದಷ್ಟು ದಡ್ಡರೇ ಜನ ಎಂದು ಮಂಡಳಿ ಅದನ್ನು ಕೇಳದೆ ಬಿಟ್ಟಿತ್ತು. ಕಚೇರಿಗೆ ಫೋನು ಹೋಯಿತು. ಕೇಳದ ಪ್ರಶ್ನೆಗೆ ಉತ್ತರಿಸುವುದು ನಿಯಮಬಾಹಿರ, ಗುರಿ ಸಾಧನೆಯಾಗಿದೆ, ಅಭಿನಂದನೆಗಳು ಎಂದು ಮೇಲಿನವರು ತಿಳಿಸಿದರು. ಗುದ್ಲೆಪ್ಪನಿಂದ ಸಾಕ್ಷಿದಾರನ ಜಾಗದಲ್ಲಿ ಸಹಿ ತೆಗೆದುಕೊಳ್ಳಲಾಯಿತು.

ಈಗ ಚಿಕ್ಕೇರೂರಿನ ಅವರ ಪಡಸಾಲೆಯಲ್ಲಿ ಗಾಜು ಹಾಕಿಸಿದ ಪ್ರಮಾಣಪತ್ರವಿದೆ: ನಾಲ್ಕು ತಾಲೂಕುಗಳ ಆದರ್ಶ ದಂಪತಿ, ಶ್ರೀಮತಿ ರಾಜಶ್ರೀ ಮತ್ತು ಶ್ರೀಮತಿ ಅನ್ನವ್ವ. ಬೀಗರು ಬಂದಾಗ ಗುದ್ಲೆಪ್ಪನೇ ತೋರಿಸುತ್ತಾನೆ. ಬೀಗರು ಓದಿ, ಚಲೋ ಆತು ಬಿಡ್ರಿ ಅನ್ನುತ್ತಾರೆ. ಪ್ರಮಾಣಪತ್ರ ಊರ್ಜಿತವಾಗಿರಲು ತಿಂಗಳಿಗೊಮ್ಮೆ ಸ್ಥಳ ಪರಿಶೀಲನೆ ಕಡ್ಡಾಯ. ಎರಡನೇ ಶನಿವಾರ ಹುಬ್ಬಳ್ಳಿ ಬಸ್ಸಿಗೆ ಅನ್ನವ್ವ ಬರುತ್ತಾಳೆ, ಅದೇ ಬಸ್ಸಿಗೆ ಉಡಚಪ್ಪನವರೂ ಬರುತ್ತಾರೆ. ಇಬ್ಬರಲ್ಲಿ ಯಾರೂ ಏಳುವಂತಿಲ್ಲವಾದ್ದರಿಂದ ಹಂಚಿನ ಮುಂದೆ ಸಾಕ್ಷಿದಾರನೇ ಕೂರಬೇಕಾಗುತ್ತದೆ. ಮೊದಲ ಎರಡು ತಿಂಗಳು ರೊಟ್ಟಿ ಕರಕಲಾದವು, ಈಗ ಸುಮಾರು ದುಂಡಗೆ ಬರುತ್ತಿವೆ.

ಹೋದ ಶನಿವಾರ ಹೆಂಗಸರಿಬ್ಬರೂ ಉಣ್ಣುತ್ತ ಕುಳಿತಿದ್ದರು. ಉಡಚಪ್ಪನವರು ಮರ್ಯಾದೆಗೆ ಎಂದು, ಗುದ್ಲೆಪ್ಪನವರ, ನೀವೂ ಕುಂದರ್ರಿ ಎಂದರು.

ಗುದ್ಲೆಪ್ಪ ಹಿಟ್ಟಿನ ಕೈಯಿಂದ ಹಣೆ ಒರೆಸಿಕೊಂಡು ರೊಟ್ಟಿ ತಿರುವಿದ.

"ನಂದೇನ್ರಿ," ಅಂದ, "ನಾ ಆಮ್ಯಾಲೆ ಉಣ್ತೇನಿ."

ಉಡಚಪ್ಪನವರು ಷರಾ ಕಾಲಮಿನಲ್ಲಿ ಎಲ್ಲವೂ ಕ್ರಮಬದ್ಧವಾಗಿದೆ ಎಂದು ಬರೆದು, ತಮ್ಮ ತಾಟನ್ನೂ ಗುದ್ಲೆಪ್ಪನ ಮುಂದೆ ಸರಿಸಿದರು.