ಹಿಂದಿನ ಕೋಣೆಯ ಮೇಜು

ಇಷ್ಟಕ್ಕೆಲ್ಲ ಕಾರಣ ಡಾಕ್ಟರು ಬರೆದುಕೊಟ್ಟ ಒಂದು ಚೀಟಿ. ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಗುಮಾಸ್ತನಾಗಿದ್ದ ಅನಂತಕೃಷ್ಣನಿಗೆ ಆಟಿಸಂನ ಒಂದು ಬಗೆಯಾದ ಆಸ್ಪರ್ಜರ್ ಸಿಂಡ್ರೋಮ್ ಇದೆ, ಜೋರು ಸದ್ದು ಇವರಿಗೆ ನಿಜಕ್ಕೂ ನೋವು ಕೊಡುತ್ತದೆ, ದಯವಿಟ್ಟು ಇವರ ಮೇಜನ್ನು ಹಿಂದಿನ ಕೋಣೆಗೆ ಹಾಕಿಸಿ ಎಂದು ಅದರಲ್ಲಿತ್ತು. ಅವನು ಕೇಳಿದ್ದೂ ಅಷ್ಟೇ. ಆರು ವರ್ಷದಿಂದ ತಗಡು ಒತ್ತುವ ಪ್ರೆಸ್ ಮೆಷಿನ್ನುಗಳ ಹೊಡೆತ ಗೋಡೆ ದಾಟಿ ಬಂದು ಅವನ ತಲೆಗೆ ಬಡಿಯುತ್ತಿತ್ತು. ಇನ್ನು ತಡೆಯಲಾಗದೆ ಕೆಲಸ ಬಿಟ್ಟರೆ ಕ್ಯಾತ್ಸಂದ್ರದ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಅವನ ಗ್ರಹಚಾರಕ್ಕೆ, ಮ್ಯಾನೇಜರ್ ಶಿವರಾಮಯ್ಯನವರು ಹಿಂದಿನ ದಿನವಷ್ಟೇ ಒಂದು ಸಿನಿಮಾ ನೋಡಿ ಅತ್ತು ಬಂದಿದ್ದರು. ಅದರ ಹೀರೋಗೂ ಇದೇ ಆಸ್ಪರ್ಜರ್. ನಡುಗಡಲಲ್ಲಿ ಕೆಮ್ಮುತ್ತಿದ್ದ ಹಡಗಿನ ಇಂಜಿನ್ನಿಗೆ ಕಿವಿಯಿಟ್ಟು, ಎಲ್ಲಿ ಕೆಟ್ಟಿದೆಯೆಂದು ಹೇಳಿ, ಅವನು ಮುನ್ನೂರು ಜನರ ಪ್ರಾಣ ಉಳಿಸುತ್ತಾನೆ.

“ಇಷ್ಟು ದಿನ ಯಾಕಪ್ಪಾ ಮುಚ್ಚಿಟ್ಟಿದ್ದೆ? ನಿನ್ ಪವರ್ ಏನು?” ಎಂದರು ಶಿವರಾಮಯ್ಯ.

“ಪವರ್ ಏನೂ ಇಲ್ಲ ಸಾರ್. ಹಿಂದಿನ ಕೋಣೆ ಬೇಕು.”

“ಆ ಹೀರೋನೂ ಹಿಂಗೇ, ಮುಖ ನೋಡ್ದೆ ಮಾತಾಡ್ತಾನೆ! ಮೇಜಿನ ವಿಚಾರ ಸಂಜೆಗೆ ಹೇಳ್ತೀನಿ, ಹೋಗು.”

ಟೀ ಹೊತ್ತಿಗೆ ಸುದ್ದಿ ಕಾರ್ಖಾನೆಯೆಲ್ಲ ಹಬ್ಬಿತ್ತು. ಸಿ.ಎಸ್. ಪುರದಿಂದ ಬರುವ ಫಿಟ್ಟರ್ ಗಂಗರಾಜು ಅನಂತಕೃಷ್ಣನ ಪಕ್ಕಕ್ಕೆ ಬಂದು ಕೂತ.

“ಅಣ್ಣೋ, ನನ್ ಮಗ್ಳು ಎಸ್ಸೆಲ್ಸಿ ಪಾಸಾಯ್ತಾಳಾ?”

“ಓದಿದ್ರೆ ಆಗ್ತಾಳೆ.”

ಗಂಗರಾಜು ದೇವರ ಮಾತು ಕೇಳಿದವನಂತೆ ಎರಡೂ ಕೈ ಜೋಡಿಸಿದ.

ಎರಡನೇ ನಂಬರ್ ಪ್ರೆಸ್ಸು ವಾರದಿಂದ ಕೆಟ್ಟದಾಗಿ ಓಡುತ್ತಿತ್ತು, ಕಾರಣ ಯಾರಿಗೂ ಸಿಕ್ಕಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅನಂತಕೃಷ್ಣನನ್ನು ಮದುಮಗನ ಹಾಗೆ ನಡೆಸಿಕೊಂಡು ಅಲ್ಲಿಗೆ ಕರೆದೊಯ್ದರು. ಮೇಜಿನ ಆಸೆಗೆ ಅವನು ಇಲ್ಲವೆನ್ನಲಿಲ್ಲ. ಗಂಗರಾಜು ಅವನ ತಲೆ ಹಿಡಿದು ಕಬ್ಬಿಣಕ್ಕೆ ಕಿವಿ ತಾಗಿಸಿ ಮೆಷಿನ್ ಹಾಕಿದ. ಆ ನೋವು ಎಂಥದೆಂದು ಅಲ್ಲಿ ನಿಂತಿದ್ದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವನು ಕಿರುಚಿ ಹಿಂದಕ್ಕೆ ಹಾರಿ, ಎಡಗಡೆಯ ಸ್ವಿಚ್ಚಿನತ್ತ ಬೆರಳು ತೋರಿಸಿದ. “ಅದು! ಅದು!”

“ಎಡಗಡೆ ಬಿಚ್ರೋ!” ಎಂದು ಕೂಗಿದರು ಶಿವರಾಮಯ್ಯ.

ಬಿಚ್ಚಿದರು. ಎಡಗಡೆಯ ಬೇರಿಂಗು ಒಡೆದು ಎರಡು ಹೋಳಾಗಿತ್ತು.

“ನಾನು ತೋರ್ಸಿದ್ದು ಸ್ವಿಚ್ಚು ಸಾರ್. ನಿಲ್ಸಿ ಅಂತ,” ಎಂದ ಅನಂತಕೃಷ್ಣ, ಇದ್ದದ್ದನ್ನು ಇದ್ದ ಹಾಗೆ.

“ಅವ್ನೂ ಕೊನೇವರ್ಗೂ ಒಪ್ಪಲ್ಲ ಕಣ್ರಯ್ಯಾ!” ಶಿವರಾಮಯ್ಯನವರು ಅವನ ಬೆನ್ನು ತಟ್ಟಿದರು. “ನಿನ್ ಮೇಜು ಇವತ್ತೇ ಹಾಕಿಸ್ತೀನಿ, ಹೋಗಪ್ಪ.”

ಆರು ವರ್ಷದಲ್ಲಿ ಮೊದಲ ಸಲ ಅವನಿಗೆ ಸಂತೋಷದಿಂದ ಅಳು ಬಂತು. ನಾಲ್ಕು ಗಂಟೆಗೆ ಕರೆ ಬಂದಾಗ ಓಡಿಯೇ ಹೋದ. ಹಿಂದಿನ ಕೋಣೆ ಖಾಲಿಯಿತ್ತು. ಮೇಜು, ಕುರ್ಚಿ ಎರಡನ್ನೂ ಎರಡನೇ ನಂಬರ್ ಪ್ರೆಸ್ಸಿಗೆ ಅಂಟಿಸಿದಂತೆ ಹಾಕಿ, ಹೂವಿನ ಹಾರ ಬೇರೆ ಸುತ್ತಿದ್ದರು.

“ಇನ್ಮೇಲೆ ನಿನ್ ಜಾಗ ಇದೇ. ದಿನಾ ಎಂಟು ಗಂಟೆ ಕೇಳ್ತಿರು, ಎಲ್ಲಿ ಕೆಟ್ರೂ ತಕ್ಷಣ ಹೇಳು.”

ಹೊಸ ಬೇರಿಂಗು ಹಾಕಿದ್ದ ಗಂಗರಾಜು ಮೆಷಿನ್ ಶುರುಮಾಡಿದ. ಅನಂತಕೃಷ್ಣ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕುಸಿದು ಕೂತ.

“ಸಿನಿಮಾದಲ್ಲೂ ಥೇಟ್ ಹಿಂಗೇ ಕಣ್ರಯ್ಯಾ,” ಎಂದು ಶಿವರಾಮಯ್ಯನವರು ಕಣ್ಣೊರೆಸಿಕೊಂಡರು.