ರಜೆಯ ದಿನ ಸರ್ವರ್ ಕೋಣೆಗೆ ನುಗ್ಗಿದ ಬಗ್ಗೆ

ಇಂದ:
ಕಂಪ್ಯೂಟರ್ ವಿಭಾಗದ ಏಕೈಕ ಸಿಬ್ಬಂದಿ,
ಆಸ್ಪತ್ರೆಯ ನೆಲಮಾಳಿಗೆ, ಬಟ್ಟೆ ಒಗೆಯುವ ಕೋಣೆಯ ಪಕ್ಕ.

ಗೆ:
ಮಾನ್ಯ ಆಡಳಿತಾಧಿಕಾರಿಗಳು,
ಅದೇ ಆಸ್ಪತ್ರೆ, ಮೇಲಿನ ಮಹಡಿ.

ವಿಷಯ: ರಜೆಯಲ್ಲಿದ್ದೂ ಅನುಮತಿಯಿಲ್ಲದೆ ಸರ್ವರ್ ಕೋಣೆ ಪ್ರವೇಶಿಸಿದ ಆರೋಪಕ್ಕೆ ಸಮಜಾಯಿಷಿ ಹಾಗೂ ಒಂದು ದಿನದ ರಜೆ ಮರಳಿಸುವಂತೆ ಕೋರಿಕೆ.

ಉಲ್ಲೇಖ: ತಮ್ಮ ಸಹಿಯುಳ್ಳ, ದಿನಾಂಕ ಹಾಕಲು ಮರೆತ, ಕಾರಣ ಕೇಳುವ ನೋಟಿಸು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ:

೧. ಅರ್ಜಿದಾರಳ ತಾಯಿಗೆ ಪಿತ್ತಕೋಶದಲ್ಲಿ ಕಲ್ಲಾಗಿ, ಇದೇ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ತಾಯಿಯವರಿಗೆ ಚಾಕುವಿನ ಭಯವಿರಲಿಲ್ಲ, ಪ್ರಜ್ಞೆ ತಪ್ಪಿಸುವ ಮದ್ದಿನ ಭಯವಿತ್ತು. "ಒಳಗೆ ಕರ್ಕೊಂಡು ಹೋಗೋ ತನಕ ನನ್ನ ಕೈ ಹಿಡ್ಕೊಂಡಿರು, ಆಮೇಲೆ ಎಲ್ಲಿಗಾದ್ರೂ ಹಾಳಾಗಿ ಹೋಗು" ಎಂದು ಮಾತು ತೆಗೆದುಕೊಂಡಿದ್ದರು. ಆದ್ದರಿಂದ ರಜೆ ಕೋರಲಾಯಿತು. ತಾವು ನಿಟ್ಟುಸಿರಿನೊಂದಿಗೆ ಮಂಜೂರು ಮಾಡಿದಿರಿ.

೨. ಅಂದು ಬೆಳಿಗ್ಗೆ ತಮ್ಮ ಪರದೆಯ ಮೇಲೆ, ಸರ್ವರಿಗೆ ಹೊಸ ಅಪ್‌ಡೇಟ್ ಬಂದಿದೆ, ಈಗಲೇ ಹಾಕಲೋ ಆಮೇಲೆ ಹಾಕಲೋ ಎಂದು ಕೇಳುವ ಪೆಟ್ಟಿಗೆ ಮೂಡಿತೆಂದೂ, ಅದರ ಕಾಟ ತಾಳಲಾರದೆ ತಾವು "ಈಗಲೇ" ಒತ್ತಿದಿರೆಂದೂ ತಿಳಿದುಬಂದಿದೆ. ಆ ಅಪ್‌ಡೇಟಿನಲ್ಲಿ ದೋಷವಿದೆ, ಮುಟ್ಟಬೇಡಿ ಎಂದು ಅರ್ಜಿದಾರಳು ಹಿಂದಿನ ದಿನ ಅಂಟಿಸಿದ್ದ ಹಳದಿ ಚೀಟಿ ಫ್ಯಾನಿನ ಗಾಳಿಗೆ ಹಾರಿಹೋಗಿರಬಹುದು. ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ತಪ್ಪು ಗಾಳಿಯದು.

೩. ಅಪ್‌ಡೇಟ್ ಹಾಕಿಸಿಕೊಂಡ ಸರ್ವರ್ ತನ್ನ ಡಿಸ್ಕನ್ನೇ ಗುರುತಿಸಲಾರದೆ ಏಳುವುದು, ಬೀಳುವುದು, ಮತ್ತೆ ಏಳುವುದು ಮಾಡತೊಡಗಿತು. ಆ ಕಾರಣ ಯಾರ ಸ್ಕ್ಯಾನ್ ಚಿತ್ರವೂ ಯಾವ ಪರದೆಗೂ ಬರಲಿಲ್ಲ. ಆ ಕಾರಣ ಡಾಕ್ಟರು, "ಚಿತ್ರ ನೋಡದೆ ನಾನು ಚಾಕು ಮುಟ್ಟಲ್ಲ" ಎಂದು ಕೈಗವಸು ಕಳಚಿದರು. ಆ ಕಾರಣ ತಾಯಿಯವರು ಖಾಲಿ ಹೊಟ್ಟೆಯಲ್ಲಿ ಬಾಗಿಲ ಹೊರಗೇ ಸ್ಟ್ರೆಚರ್ ಮೇಲೆ ಉಳಿದರು. ಅವರ ಹಿಂದಿನ ಸ್ಟ್ರೆಚರಿನಲ್ಲಿ ಸಾರುವೆಯಿಂದ ಬಿದ್ದು ತಲೆಗೆ ಪೆಟ್ಟಾದ ಗಾರೆ ಕೆಲಸದವರೊಬ್ಬರಿದ್ದರು. ಅವರ ಹೆಂಡತಿ ಬಿಳಿ ಕೋಟು ತೊಟ್ಟವರನ್ನೆಲ್ಲ ತಡೆದು, ಚಿತ್ರ ಬಂತಾ ಎಂದು ಕೇಳುತ್ತಿದ್ದರು.

ತಾಯಿಯವರು ಅದನ್ನು ನೋಡಿದರು. "ಅದೇನೋ ಬಿದ್ದಿದೆಯಂತಲ್ಲ, ಅದನ್ನ ಎಬ್ಬಿಸೋದು ನಿನಗೆ ಗೊತ್ತು ತಾನೆ?"

"ಗೊತ್ತಮ್ಮ. ಆದ್ರೆ ನಿನ್ನ ಕೈ?"

"ನನ್ನ ಕೈ ಎಲ್ಲಿಗೂ ಓಡಿಹೋಗಲ್ಲ. ಎದ್ದು ಹೋಗೇ!" ಎಂದು ಹಲ್ಲಿಲ್ಲದ ಬಾಯಲ್ಲೇ ಗದರಿದರು.

೪. ಸರ್ವರ್ ಕೋಣೆಯ ಕಾವಲುಗಾರರು, ದಿನಾ ಅರ್ಜಿದಾರಳಿಗೆ ನಮಸ್ಕಾರ ಹೇಳುವವರು, ಅಂದು ಅವಳ ಕೊರಳಲ್ಲಿ "ರೋಗಿಯ ಕಡೆಯವರು" ಎಂಬ ಪಾಸು ಕಂಡು ಅಡ್ಡಗಟ್ಟಿದರು.

"ಇವತ್ತು ನೀವು ಸ್ಟಾಫ್ ಅಲ್ಲ ಮೇಡಂ. ಸಾಹೇಬ್ರನ್ನ ಕೇಳ್ಬೇಕು."

"ಕೇಳಿ ಮತ್ತೆ."

"ಮೀಟಿಂಗಲ್ಲಿದಾರೆ."

"ಏನ್ ಮೀಟಿಂಗು?"

"ಸರ್ವರ್ ಯಾಕೆ ಬಿತ್ತು ಅಂತ."

ಆದ್ದರಿಂದ ನುಗ್ಗಲಾಯಿತು.

೫. ನೋಟಿಸಿನಲ್ಲಿ ಹೇಳಿರುವಂತೆ ಸರ್ವರ್ ಮೇಲೆ "ಅಪರಿಚಿತ ಉಪಕರಣ" ಇಟ್ಟಿದ್ದು ನಿಜ. ಅದು ತಾಯಿಯವರ ಹಲ್ಲಿನ ಸೆಟ್ಟು. ನರ್ಸ್ ತೆಗೆಸಿ ಅರ್ಜಿದಾರಳ ಕೈಗಿತ್ತಿದ್ದರು, ಕೀಲಿಮಣೆಗೆ ಎರಡೂ ಕೈ ಬೇಕಾದವು. ಹಳೆಯ ಆವೃತ್ತಿಯಿಂದ ಎಬ್ಬಿಸುವ ಮೊದಲ ಯತ್ನ ಕೈಕೊಟ್ಟಿತು. ಆಮೇಲೆ ಪೆನ್‌ಡ್ರೈವಿನಿಂದ ಯಂತ್ರ ಚಾಲೂ ಮಾಡಿ, ಚಿತ್ರಗಳೆಲ್ಲ ಕ್ಷೇಮವೆಂದು ನೋಡಿಕೊಂಡು, ಆ ಅಪ್‌ಡೇಟನ್ನು ಬೇರುಸಹಿತ ಕಿತ್ತುಹಾಕಲಾಯಿತು. ಈ ಸಲ ಎದ್ದ ಸರ್ವರ್ ಮತ್ತೆ ಬೀಳಲಿಲ್ಲ.

೬. ಅರ್ಜಿದಾರಳು ಮೆಟ್ಟಿಲು ಹಾರಿ ಮೇಲೆ ಬಂದಾಗ ಎರಡೂ ಸ್ಟ್ರೆಚರುಗಳಿರಲಿಲ್ಲ. ಬೆಂಚಿನ ಮೇಲೆ ಗಾರೆಯವರ ಹೆಂಡತಿ ಮಾತ್ರ ಇದ್ದರು. ಗಂಡನ ಜೊತೆ ಅವರೂ ಕಲ್ಲು, ಸಿಮೆಂಟು ಹೊರುವವರು. "ಚಿತ್ರ ಬಂತು ಅಂತ ಇಬ್ಬರನ್ನೂ ಒಳಗೆ ಕರ್ಕೊಂಡು ಹೋದ್ರು ಅಕ್ಕಾ. ನಿಮ್ಮಮ್ಮ ಕಣ್ಣು ಮುಚ್ಕೊಂಡು ಕೈ ಚಾಚಿದ್ರು. ನೀವಿರಲಿಲ್ಲ. ನಾನೇ ಹಿಡ್ಕೊಂಡೆ" ಎಂದರು. ಅರ್ಜಿದಾರಳು ಅವರ ಪಕ್ಕದಲ್ಲಿ ಕುಳಿತು ಅತ್ತಳು. ಇದು ಆಸ್ಪತ್ರೆಯ ಯಾವ ನಿಯಮಕ್ಕೂ ವಿರುದ್ಧವಲ್ಲವೆಂದು ಭಾವಿಸಲಾಗಿದೆ. ರೋಗಿಗಳಿಬ್ಬರೂ ಈಗ ಚೇತರಿಸಿಕೊಳ್ಳುತ್ತಿದ್ದಾರೆ.

ಆದ್ದರಿಂದ, ಯಾವ ಕೆಲಸಕ್ಕೆಂದು ರಜೆ ಪಡೆಯಲಾಗಿತ್ತೋ ಆ ಕೆಲಸವೇ ನಡೆಯದ ಕಾರಣ, ಸದರಿ ದಿನವನ್ನು ಅರ್ಜಿದಾರಳ ರಜೆಯ ಖಾತೆಗೆ ಮರಳಿಸಬೇಕಾಗಿ ವಿನಂತಿ. "ಆಡಳಿತದ ಸಮಯೋಚಿತ ಕ್ರಮದಿಂದ ಸರ್ವರ್ ಚೇತರಿಕೆ" ಎಂಬ ತಮ್ಮ ಸುತ್ತೋಲೆಗೆ ಅವಳ ಆಕ್ಷೇಪಣೆಯಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು:
೧. ನೋಟಿಸಿನ ಪ್ರತಿ.
೨. ಪೆನ್‌ಡ್ರೈವ್, ತಮ್ಮ ಮುಂದಿನ ಅಪ್‌ಡೇಟಿಗಾಗಿ.

ವಿ.ಸೂ.: ಪ್ರಜ್ಞೆ ಬಂದ ಮೇಲೆ ತಾಯಿಯವರು, "ಒಳಗೆ ಹೋಗುವಾಗ ಹಿಡ್ಕೊಂಡಿದ್ಯಲ್ಲ, ನಿನ್ನ ಕೈ ಅದೆಷ್ಟು ಒರಟಾಗಿದೆಯೇ! ಆಫೀಸಲ್ಲಿ ಅಷ್ಟೊಂದು ದುಡಿಸ್ತಾರಾ?" ಎಂದು ಕೇಳಿದ್ದಾರೆ. ಅರ್ಜಿದಾರಳು ಹೌದೆಂದಿದ್ದಾಳೆ. ವಿಚಾರಣೆಯಲ್ಲಿ ತಾಯಿಯವರ ಹೇಳಿಕೆ ಪಡೆಯುವುದಾದರೆ, ಅದನ್ನು ಯಾರೂ ತಿದ್ದದೆ ಹಾಗೆಯೇ ಬರೆದುಕೊಳ್ಳಬೇಕಾಗಿ ಕೋರಲಾಗಿದೆ.