ನೂರಿಪ್ಪತ್ತು ಹಾಳೆಯ ರೊಟ್ಟಿ

“ಇನ್ನು ಎರಡೇ ವರ್ಷ! ಆಮೇಲೆ ನಾನು ಒಂದು ಗೆರೆ ಎಳೆದ್ರೆ ಆ ಗೆರೆ ಎದ್ದು ನಡೀಬೇಕು. ನಡೀಲಿಲ್ಲ ಅಂದ್ರೆ ನನ್ನ ಹೆಸರು ಮರುಳಪ್ಪನೇ ಅಲ್ಲ!”

೧೯೮೬ರ ಒಂದು ಭಾನುವಾರ ಬೆಳಗ್ಗೆ ನ್ಯಾಮತಿಯ ಮರುಳಪ್ಪ ಪೇಪರನ್ನು ಬಾವುಟದಂತೆ ಎತ್ತಿ ಹಿಡಿದು ಹೀಗೆ ಘೋಷಿಸಿದಾಗ, ಅವನ ಹೆಂಡತಿ ರುದ್ರಾಣಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳು ತಲೆ ಎತ್ತಲಿಲ್ಲ.

“ಈಗ ಎಳೆದ್ರೆ ಏನ್ ಮಾಡ್ತೈತೆ ಗೆರೆ?”

“ಈಗ ನಾನೆಲ್ಲಿ ಎಳೆದೀನಿ?”

ಅದು ಸತ್ಯವಾದ ಮಾತು. ಮರುಳಪ್ಪ ಬಿ.ಕಾಂ. ಎರಡನೇ ದರ್ಜೆ. ಹಾಲೇಶಪ್ಪನವರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರು. ಅವನು ಹುಟ್ಟಿದಾಗಿನಿಂದ ಎಳೆದ ಗೆರೆಗಳೆಲ್ಲ ಶೀರ್ಷಿಕೆಯ ಕೆಳಗಿನವು, ಅವೂ ಯಂತ್ರ ಎಳೆದವು. ಏಳನೇ ಇಯತ್ತೆಯಲ್ಲಿ ಒಮ್ಮೆ ಗಿಣಿಯ ಚಿತ್ರ ಬರೆದಿದ್ದ. ಡ್ರಾಯಿಂಗ್ ಮೇಷ್ಟ್ರು ಅದಕ್ಕೆ ‘ಬದನೆಕಾಯಿ ಚೆನ್ನಾಗಿದೆ’ ಎಂದು ಷರಾ ಬರೆದು ಹತ್ತಕ್ಕೆ ಏಳು ಅಂಕ ಕೊಟ್ಟಿದ್ದರು. ಅಂಕ ಬಂತಲ್ಲ ಎಂದು ಮರುಳಪ್ಪ ಗಿಣಿಯ ವಿಚಾರ ಬಾಯಿಬಿಟ್ಟಿರಲಿಲ್ಲ.

ಆದರೆ ಎರಡು ತಿಂಗಳ ಹಿಂದೆ ಅವನು ಹಾಲೇಶಪ್ಪನವರ ಮನೆಯ ಟಿ.ವಿ.ಯಲ್ಲಿ ಮೂರು ನಿಮಿಷದ ಒಂದು ಚಿತ್ರ ನೋಡಿದ್ದ. ಬಿಳಿ ಪರದೆಯ ಮೇಲೆ ಒಂದು ಗೆರೆ ಬಂತು, ಬಾಗಿತು, ಹಕ್ಕಿಯಾಯಿತು, ಹಾರಿಹೋಯಿತು. ವಾರ್ತೆಗೆಂದು ಕಾದು ಕೂತಿದ್ದವರು ಆಕಳಿಸುತ್ತಿದ್ದರು. ಮರುಳಪ್ಪ ಮಾತ್ರ ಆ ಹಕ್ಕಿ ಹೋದ ದಿಕ್ಕನ್ನೇ ನೋಡುತ್ತ ಕೂತ. ಎಂಟು ವರ್ಷದಿಂದ ಹಗಲೆಲ್ಲ ‘ಎ ಎಸ್ ಡಿ ಎಫ್’ ಹೇಳಿಕೊಟ್ಟ ಮನುಷ್ಯನ ಎದೆಯೊಳಗೆ ಏನೋ ಕದಲಿತ್ತು.

ಈಗ ಪೇಪರಿನಲ್ಲಿ ಜಾಹೀರಾತು ಬಂದಿತ್ತು. ದೂರದ ಉತ್ತರದಲ್ಲಿದ್ದ ಒಂದು ಸಂಸ್ಥೆ ಅನಿಮೇಷನ್ ಎಂಬ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣಕ್ಕೆ ಅರ್ಜಿ ಕರೆದಿತ್ತು. ಯಾವ ಪದವಿಯಾದರೂ ಸರಿ. ವಯಸ್ಸು ಮೂವತ್ತು ದಾಟಿರಬಾರದು. ಮರುಳಪ್ಪನಿಗೆ ಇಪ್ಪತ್ತೊಂಬತ್ತು ವರ್ಷ ಎಂಟು ತಿಂಗಳು!

“ಇಲ್ಲಿ ನೋಡು, ಅಚ್ಚು ಹಾಕ್ಯಾರೆ. ‘ಕಲೆಯ ಹಿನ್ನೆಲೆ ಕಡ್ಡಾಯವಲ್ಲ.’”

“ಹಿನ್ನೆಲೆ ಬ್ಯಾಡ ಅಂದಾರೆ,” ಎಂದಳು ರುದ್ರಾಣಿ. “ಕಲೆ ಬ್ಯಾಡ ಅಂದಿಲ್ಲ.”

ಅರ್ಜಿ ಬಂತು. ಅದರ ಜೊತೆ ಎರಡು ಷರತ್ತೂ ಬಂದವು. ಒಂದು, ಕಣ್ಣೆದುರಿನ ಬದುಕನ್ನು ನೋಡಿ ಬರೆದ ಇಪ್ಪತ್ತು ಚಿತ್ರ. ಎರಡು, ಕನಿಷ್ಠ ನೂರು ಹಾಳೆಯ ಒಂದು ಪುಸ್ತಕ. ಹೆಬ್ಬೆರಳಿಂದ ಹಾಳೆಗಳನ್ನು ಸರ್ರನೆ ಬಿಟ್ಟರೆ ಅದರೊಳಗಿನ ಚಿತ್ರ ಚಲಿಸಬೇಕು.

ಮರುಳಪ್ಪ ಪೆನ್ಸಿಲ್ ಕೆತ್ತಿಕೊಂಡು ಕಣ್ಣೆದುರಿನ ಬದುಕಿನ ಮೇಲೆ ಬಿದ್ದ. ಬದುಕು ಸಹಕರಿಸಲಿಲ್ಲ. ಎಮ್ಮೆ ಹಿಂಗಾಲು ಬರೆಯುವುದರೊಳಗೆ ಮುಂಗಾಲು ತೆಗೆದುಕೊಂಡು ಹೊರಟುಹೋಯಿತು. ಕೊಡ ಅಲುಗಾಡಲಿಲ್ಲ ನಿಜ, ಆದರೆ ಚಿತ್ರದಲ್ಲಿ ಅದು ನೀರು ನಿಲ್ಲುವ ಜಾತಿಯ ಕೊಡವಾಗಿರಲಿಲ್ಲ. ಪಕ್ಕದ ಮನೆಯ ಚೌಡಕ್ಕ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಾಗ ಬರೆದ ಚಿತ್ರವನ್ನು ಅವಳಿಗೇ ತೋರಿಸಿದ. ಅದು ಅವನ ದೊಡ್ಡ ತಪ್ಪು.

“ಯಾರಪ್ಪ ಇದು?”

“ನೀವೇ ಚೌಡಕ್ಕ.”

ಚೌಡಕ್ಕ ಬಹಳ ಹೊತ್ತು ನೋಡಿದಳು. “ಸತ್ತ ಮ್ಯಾಲಾ?”

ಅವತ್ತಿನಿಂದ ಎರಡು ಮನೆಗಳ ನಡುವೆ ಮೊಸರಿನ ಹೆಪ್ಪು ಕೊಟ್ಟು ತೆಗೆದುಕೊಳ್ಳುವುದು ನಿಂತಿತು.

ಇಂಥ ಸಂಕಟಕಾಲದಲ್ಲಿ ಜಗಳೂರಿನಿಂದ ಅತ್ತೆ ಸಿದ್ದಲಿಂಗಮ್ಮ ಬಂದರು. ಹತ್ತು ಸೇರು ಜೋಳದ ಹಿಟ್ಟು ತಂದಿದ್ದರು. ನ್ಯಾಮತಿಯ ಕಡೆ ಹಿಟ್ಟು ಬೀಸುವುದು ಯಾರಿಗೂ ಬರುವುದಿಲ್ಲವೆಂಬುದು ಅವರ ಖಚಿತ ಅಭಿಪ್ರಾಯ. ಮರುದಿನ ಬೆಳಗ್ಗೆ ಅವರು ಒಲೆ ಮುಂದೆ ಕೂತು ರೊಟ್ಟಿ ತಟ್ಟಲು ಶುರುಮಾಡಿದಾಗ ಮರುಳಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತ. ನಿಂತವನು ನಿಂತೇಬಿಟ್ಟ. ಉಂಡೆ ಅಂಗೈಯ ಕೆಳಗೆ ತಿರುಗಿತು, ಅಗಲವಾಯಿತು, ಮಣೆಯ ಅಂಚಿನವರೆಗೂ ಹರಡಿ ಚಂದ್ರನಾಯಿತು, ಎದ್ದು ಹಾರಿ ಹಂಚಿಗೆ ಬಿತ್ತು. ಸಿಕ್ಕಿತು! ಇದೇ ಚಲನೆ!

“ಅತ್ತೆ, ಇನ್ನೊಂದು ತಟ್ರಿ.”

ಅವರು ತಟ್ಟಿದರು.

“ಇನ್ನೊಂದು. ಸ್ವಲ್ಪ ನಿಧಾನಕ್ಕೆ.”

“ನಿಧಾನಕ್ಕೆ ತಟ್ಟಿದ್ರೆ ಬಿರಿತೈತೆ ಅಳಿಯಂದ್ರೆ. ಹಸಿವು ತಡಕೊಳ್ರಿ.”

ಮರುಳಪ್ಪ ಪುಸ್ತಕ ಮರೆಯಲ್ಲಿಟ್ಟುಕೊಂಡು ಬರೆಯುತ್ತಿದ್ದ, ಅತ್ತೆ ಎದುರು ನಾಚಿಕೆ. ಹೀಗಾಗಿ ಸಿದ್ದಲಿಂಗಮ್ಮನವರಿಗೆ ಗೊತ್ತಾದದ್ದು ಇಷ್ಟೇ: ಅಳಿಯ ಬಾಗಿಲು ಬಿಟ್ಟು ಕದಲುತ್ತಿಲ್ಲ, ‘ಇನ್ನೊಂದು, ಇನ್ನೊಂದು’ ಎನ್ನುತ್ತಿದ್ದಾನೆ. ಹತ್ತಾದವು. ಇಪ್ಪತ್ತಾದವು. ಅವರ ಕಣ್ಣಲ್ಲಿ ನೀರು ಬಂತು. ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದು ರೊಟ್ಟಿ ಒಂದರ ಮೇಲೊಂದು ಕೂತು ಅಡುಗೆಮನೆಯ ಕಿಟಕಿಯ ಬೆಳಕು ಅರ್ಧ ಮುಚ್ಚಿತು. ಸಿದ್ದಲಿಂಗಮ್ಮ ಮಗಳನ್ನು ಹಿತ್ತಲಿಗೆ ಕರೆದರು.

“ಏನೇ ರುದ್ರಾಣಿ, ಗಂಡಗೆ ಹೊಟ್ಟಿಗೆ ಹಾಕಾಕಿಲ್ಲೇನೇ ನೀನು? ನಮ್ಮ ಮನಿ ಮರ್ಯಾದಿ ಕಳದ್ಯಲ್ಲೇ!”

“ಅವ್ವ, ಅವ್ರು ರೊಟ್ಟಿ ತಿನ್ನಾಕೆ ಕೇಳಿದ್ದಲ್ಲ. ಬರಿಯಾಕೆ.”

“ರೊಟ್ಟಿ ಮ್ಯಾಲೆ ಏನ್ ಬರೀತಾರೆ?”

ನಾಲ್ಕು ದಿನ ಆ ಮನೆಯಲ್ಲಿ ಮೂರು ಹೊತ್ತೂ ರೊಟ್ಟಿ. ಉಳಿದದ್ದನ್ನು ರುದ್ರಾಣಿ ಬೀದಿಗೆಲ್ಲ ಹಂಚಿದಳು. ಚೌಡಕ್ಕ ಎಂಟು ರೊಟ್ಟಿ ಇಸಿದುಕೊಂಡು, ತನ್ನ ಚಿತ್ರ ಹರಿದು ಹಾಕಿದರೆ ಹೆಪ್ಪು ಕೊಡುವುದಾಗಿ ಒಪ್ಪಿದಳು. ಹೀಗೆ ಚಿತ್ರಗಳು ಹತ್ತೊಂಬತ್ತಾದವು.

ಹನ್ನೆರಡು ದಿನ ಕೂತು ಮರುಳಪ್ಪ ನೂರಿಪ್ಪತ್ತು ಹಾಳೆ ಬರೆದ. ಅವತ್ತೇ ಅರ್ಜಿ ಕಳಿಸಲು ಕೊನೆಯ ದಿನ. ಹಾಳೆಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ.

“ನಂಬರ್ ಹಾಕ್ರಿ,” ಎಂದಳು ರುದ್ರಾಣಿ.

“ಕಲೆಗೆ ನಂಬರ್ ಹಾಕಾಕೆ ಇದೇನು ಬಸ್ಸಾ?”

ಆ ಕ್ಷಣದಲ್ಲಿ, ಬೆಳಗ್ಗೆಯಿಂದ ಹೋಗಿದ್ದ ಕರೆಂಟ್ ಬಂತು. ಯಾರೋ ಐದರಲ್ಲೇ ಇಟ್ಟು ಮರೆತಿದ್ದ ಫ್ಯಾನು ಗರ್ರೆಂದಿತು. ನೂರಿಪ್ಪತ್ತು ರೊಟ್ಟಿಗಳು ಏಕಕಾಲಕ್ಕೆ ಆಕಾಶಕ್ಕೆದ್ದವು. ಅವನ ಚಿತ್ರಗಳು ಚಲಿಸಿದ್ದು ಅದೇ ಮೊದಲು!

ಮರುಳಪ್ಪ ನೆಲದ ಮೇಲೆ ಬಿದ್ದು ಹಾಳೆ ಬಾಚಿಕೊಂಡ. ಎಷ್ಟು ನೋಡಿದರೂ ಮೂವತ್ತನೆಯದು ಯಾವುದು, ಎಪ್ಪತ್ತನೆಯದು ಯಾವುದು ತಿಳಿಯಲೊಲ್ಲದು. ಎಲ್ಲವೂ ದುಂಡಗಿದ್ದವು, ಕೆಲವು ಅದೂ ಇರಲಿಲ್ಲ. ಹೊನ್ನಾಳಿಯ ಅಂಚೆ ಕಚೇರಿ ಮುಚ್ಚಲು ಮೂರು ತಾಸು ಇತ್ತು. ಅವನು ಗೋಡೆಗೆ ಒರಗಿ ಕೂತ. ಇನ್ನು ಮೂರು ತಿಂಗಳಿಗೆ ಮೂವತ್ತು ತುಂಬುತ್ತಿತ್ತು.

ಸಿದ್ದಲಿಂಗಮ್ಮ ಕನ್ನಡಕ ಹಾಕಿಕೊಂಡು ಚಾಪೆಯ ಮೇಲೆ ಕೂತರು. ಓದು ಬರಹ ಬಾರದ ಹೆಂಗಸು. ಒಂದು ಹಾಳೆ ಎತ್ತಿ ನೋಡಿದರು.

“ಇದು ಎರಡನೇ ಸಲ ಒಣಹಿಟ್ಟು ಹಾಕಿದ್ದು. ಇದು ಅದಕ್ಕೂ ಮುಂಚಿಂದು. ಇದು ಅಂಚು ತಿದ್ದಾದು. ಏ ರುದ್ರಾಣಿ, ಅದನ್ನ ಕೊಡು, ಅದು ಹಂಚಿಗೆ ಹಾಕಾಕೆ ಎತ್ತಿದ್ದು.”

ಒಂದೂವರೆ ತಾಸಿನಲ್ಲಿ ನೂರಹದಿನೇಳು ಹಾಳೆ ಸಾಲಾದವು. ಮೂರನ್ನು ಅವರು ಪಕ್ಕಕ್ಕಿಟ್ಟರು. “ಇಂಥ ರೊಟ್ಟಿ ಯಾವತ್ತೂ ಆಗಾಕಿಲ್ಲ ಅಳಿಯಂದ್ರೆ. ಬಿಟ್ಟುಬಿಡ್ರಿ.” ರುದ್ರಾಣಿ ದಬ್ಬಳದಿಂದ ಚೀಲ ಹೊಲಿಯುವಂತೆ ಪುಸ್ತಕ ಹೊಲಿದಳು. ಮರುಳಪ್ಪ ಹೊನ್ನಾಳಿ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗಿ, ಅಂಚೆಯವರು ಕಿಟಕಿ ಎಳೆಯುತ್ತಿದ್ದಾಗ ಕೈ ಅಡ್ಡ ಕೊಟ್ಟು ರಿಜಿಸ್ಟರ್ ಮಾಡಿಸಿದ.

ಆರು ವಾರಕ್ಕೆ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಬರಬೇಕೆಂದು ಕಾಗದ ಬಂತು. ಮರುಳಪ್ಪ ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ನ್ಯಾಮತಿಯ ಎಲ್ಲ ಅಂಗಡಿಗಳಲ್ಲಿ ಏನಾದರೊಂದು ಸಾಮಾನು ಕೊಂಡ. ಸಂದರ್ಶನವೆಂದರೆ ಸೀಟು ಸಿಕ್ಕಂತೆಯೇ ಎಂದು ಎಲ್ಲರಿಗೂ ಹೇಳಿದ. ಹಾಲೇಶಪ್ಪನವರು ಅದನ್ನು ನಂಬಿ, ಬೇರೊಬ್ಬ ಮೇಷ್ಟ್ರನ್ನು ಗೊತ್ತುಮಾಡಿಯೇಬಿಟ್ಟರು! ಹಾರ ಹಾಕಿ ಬೀಳ್ಕೊಡುಗೆ ಮಾಡಿದರು.

“ನಮ್ಮ ಮರುಳಪ್ಪನವರು ಅನಿಮಲ್ ವಿದ್ಯೆ ಓದಾಕೆ ಹೊಂಟಾರೆ. ದನಕರ ಇರೋ ನಮ್ಮಂಥೋರಿಗೆ ಇದಕ್ಕಿಂತ ಭಾಗ್ಯ ಬೇಕೇನ್ರಿ?”

ಚಪ್ಪಾಳೆ ಬಿತ್ತು. ತಿದ್ದಲು ಮರುಳಪ್ಪನಿಗೆ ಧೈರ್ಯ ಸಾಲಲಿಲ್ಲ. ಸಭೆ ಮುಗಿದ ಮೇಲೆ ಇಬ್ಬರು ಕುಂಟುವ ಎತ್ತಿನ ವಿಚಾರ ಕೇಳಿಕೊಂಡು ಹೋದರು.

ಬೆಂಗಳೂರಿನಲ್ಲಿದ್ದ ಕಿರಿಯ ಮಗಳ ಮನೆಗೆ ಸಿದ್ದಲಿಂಗಮ್ಮನವರೂ ಹೊರಟಿದ್ದರು. ಜಗಳೂರಿನ ಹಿಟ್ಟಿನ ಚೀಲವೂ ಹೊರಟಿತು. ಬೆಂಗಳೂರಿನ ಹಿಟ್ಟಿನ ಬಗ್ಗೆ ಅವರಿಗಿದ್ದ ಅಭಿಪ್ರಾಯ ಇನ್ನೂ ಕೆಟ್ಟದ್ದು. ಸಂದರ್ಶನ ಮುಗಿಸಿ ಅವರನ್ನು ಬಿಟ್ಟುಬರುವುದೆಂದು ಮರುಳಪ್ಪ ಅತ್ತೆಯನ್ನೂ ಚೀಲವನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದ.

ಒಳಗೆ ಐದು ಜನ. ನಡುವೆ ಕೂತಿದ್ದ ಮೇಡಂ ಕನ್ನಡದವರೇ. ಅವರು ಹತ್ತೊಂಬತ್ತು ಚಿತ್ರಗಳನ್ನು ಬೇಗಬೇಗ ಮಗುಚಿ, ದಬ್ಬಳದಲ್ಲಿ ಹೊಲಿದ ಪುಸ್ತಕ ಕೈಗೆತ್ತಿಕೊಂಡರು.

“ಚಿತ್ರಗಳ ಮಾತು ಬಿಡೋಣ. ಆದರೆ ಈ ರೊಟ್ಟಿಯ ಚಲನೆಯಲ್ಲಿ ಒಂದೇ ಒಂದು ಹೆಜ್ಜೆ ತಪ್ಪಿಲ್ಲ. ಹೇಗೆ ಸಾಧಿಸಿದಿರಿ?”

“ಸತತ ಅಭ್ಯಾಸ ಮೇಡಂ!” ಎಂದ ಮರುಳಪ್ಪ, ಎದೆ ಸೆಟೆಸಿ.

“ಒಳ್ಳೆಯದು. ಅನಿಮೇಷನ್ ಮಾಡುವವನು ಮೊದಲು ತಾನೇ ಅಭಿನಯಿಸಬೇಕು. ರೊಟ್ಟಿ ತಟ್ಟಿ ತೋರಿಸಿ.”

ಮರುಳಪ್ಪ ಎದ್ದು ನಿಂತು ಮೇಜಿನ ಮೇಲಿನ ಗಾಳಿಯನ್ನು ತಟ್ಟಿದ. ಎಡಗೈ ಎತ್ತ ತಿರುಗಿಸಬೇಕೋ ಗೊತ್ತಾಗದೆ ಎರಡೂ ಕೈ ಸೇರಿಸಿ ಬಡಿದ. ಮೇಡಂ ಸ್ವಲ್ಪ ಹೊತ್ತು ನೋಡಿದರು.

“ಸೊಳ್ಳೆ ಇದೆಯಾ?”

ಮರುಳಪ್ಪನ ಕೈಗಳು ಕೆಳಗಿಳಿದವು. ಸುಳ್ಳಿಗೂ ಒಂದಿಷ್ಟು ಅಭ್ಯಾಸ ಬೇಕು, ಅದೂ ಅವನಲ್ಲಿರಲಿಲ್ಲ. “ಜೋಡಿಸಿದ್ದು ನಮ್ಮ ಅತ್ತೆ ಮೇಡಂ,” ಎಂದ. “ಹೊರಗೆ ಕುಂತಾರೆ. ಹಿಟ್ಟೂ ಐತೆ.”

ಕ್ಯಾಂಟೀನಿನಿಂದ ಬಿಸಿನೀರು ಬಂತು, ಸ್ಟೋವ್ ಬಂತು, ದೋಸೆಯ ಹಂಚು ಬಂತು. ಸಿದ್ದಲಿಂಗಮ್ಮ ಸೆರಗು ಸಿಕ್ಕಿಸಿಕೊಂಡು ಸಂದರ್ಶನದ ಮೇಜಿನ ಮೇಲೆ ಹಿಟ್ಟು ನಾದಿದರು. ಐವರೂ ಎದ್ದು ಸುತ್ತ ನಿಂತರು. ಒಬ್ಬರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಮೇಡಂ ತಿಳಿಸಿದರು: “ಅಮ್ಮಾ, ಅರ್ಧದಲ್ಲಿ ಒಂದು ಕ್ಷಣ ನಿಲ್ಲಿಸ್ತೀರಾ?”

“ಅರ್ಧಕ್ಕೆ ನಿಲ್ಸಾಕೆ ಆಗಾಕಿಲ್ಲ ತಾಯಿ. ನಿಂತ್ರೆ ಅಂಚು ಸೀಳ್ತೈತೆ. ಅವ್ರಿಗೆ ಹೇಳು, ಕಣ್ಣು ಬಿಟ್ಟು ನೋಡ್ಲಿ.”

ಹನ್ನೊಂದು ರೊಟ್ಟಿಯಾದವು. ಐವರೂ ತಿಂದರು. ಹೊರಗೆ ಕಾದಿದ್ದ ಅಭ್ಯರ್ಥಿಗಳಿಗೂ ಅರ್ಧರ್ಧ ಹೋಯಿತು.

ಮರುಳಪ್ಪ ಊರಿಗೆ ಬಂದಾಗ ಅವನ ಕುರ್ಚಿಯಲ್ಲಿ ಹೊಸ ಮೇಷ್ಟ್ರಿದ್ದರು. ಹಾಲೇಶಪ್ಪನವರು ತಲೆ ಕೆರೆದುಕೊಂಡು, ಮಧ್ಯಾಹ್ನದ ಒಂದು ತಂಡ ಇಟ್ಟುಕೋ ಎಂದರು. ಎತ್ತಿನವರು ಮಾತ್ರ ಕೇಳುವುದನ್ನು ಬಿಡಲಿಲ್ಲ.

ತಿಂಗಳಾದ ಮೇಲೆ ಸಂಸ್ಥೆಯಿಂದ ಎರಡು ಕಾಗದ ಬಂದವು. ಮರುಳಪ್ಪನದು ಅಂಗೈ ಅಗಲದ ಚೀಟಿ; ಆಯ್ಕೆಯಾಗಿಲ್ಲವೆಂದು ಎರಡು ಸಾಲು. ಅದರಲ್ಲೂ ಒಂದು ಟೈಪಿಂಗ್ ತಪ್ಪು. ಇನ್ನೊಂದು ಇಡೀ ಹಾಳೆ, ಸಿದ್ದಲಿಂಗಮ್ಮನವರ ಹೆಸರಿಗೆ. ಮೂರು ದಿನ ವಿದ್ಯಾರ್ಥಿಗಳ ಮುಂದೆ ರೊಟ್ಟಿ ತಟ್ಟಿ ತೋರಿಸಬೇಕೆಂದು ವಿನಂತಿ. ಭಾಷೆ ಬಲ್ಲ ಸಹಾಯಕನೊಬ್ಬನನ್ನು ಕರೆತರಬಹುದು.

ಮರುಳಪ್ಪ ಎರಡು ದಿನ ಚೀಟಿಯ ಆ ತಪ್ಪನ್ನೇ ತಿದ್ದುತ್ತ ಕೂತ. ಮೂರನೆಯ ದಿನ ರುದ್ರಾಣಿ ಅವನ ಬಟ್ಟೆ ಮಡಿಸಿ ಚೀಲಕ್ಕೆ ಹಾಕಿದಳು.

“ನಾನ್ ಹೋಗಲ್ಲ. ಹಂಚು ಹೊತ್ಕೊಂಡು ಹೋಗಾಕೆ ನಾನೇನು ಕೂಲಿನಾ?”

“ಹೋಗ್ರಿ ಅತ್ಲಾಗೆ,” ಎಂದಳು, ಸಿಟ್ಟಿಲ್ಲದೆ. “ಅಷ್ಟು ಆಸೆ ಪಟ್ಟೀರಿ. ಒಳಗೆ ಹೆಂಗೈತೆ ಅಂತನಾದ್ರೂ ನೋಡಿ ಬರ್ರಿ.”

ಅವನು ಹೋದ. ಅತ್ತೆಯ ಜೊತೆ ರೈಲಿನಲ್ಲಿ ಎರಡು ದಿನ ಹಂಚನ್ನು ತೊಡೆಯ ಮೇಲಿಟ್ಟುಕೊಂಡು ಹೋದ. ದೊಡ್ಡ ಕಿಟಕಿಗಳ ಕೋಣೆಯಲ್ಲಿ ಮೂವತ್ತು ಹುಡುಗ ಹುಡುಗಿಯರು ಸಿದ್ದಲಿಂಗಮ್ಮನವರ ಚಿತ್ರ ಬರೆಯಲು ಸುತ್ತ ಕೂತಿದ್ದರು. ಸಿದ್ದಲಿಂಗಮ್ಮ ತಟ್ಟಿದರು. ಮರುಳಪ್ಪ ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಿದ. ‘ಬಿರಿತೈತೆ’ ಎನ್ನುವುದಕ್ಕೆ ಅವನಿಗೆ ಮಾತು ಸಿಗದೆ, ಎರಡು ಸಲ ರೊಟ್ಟಿಯನ್ನೇ ಬಿರಿಸಿ ತೋರಿಸಬೇಕಾಯಿತು. ಅದನ್ನು ಕಂಡು, ಬೆಂಗಳೂರಿನಲ್ಲಿ ಸಂದರ್ಶನ ಮಾಡಿದ್ದ ಮೇಡಂಗೆ ಏನನ್ನಿಸಿತೋ, ಅವನ ಕೈಗೂ ಒಂದು ಪೆನ್ಸಿಲ್, ಹಾಳೆ ಕೊಟ್ಟರು. ಮರುಳಪ್ಪ ಮೂಲೆಯಲ್ಲಿ ಕೂತು ಅತ್ತೆಯನ್ನೇ ನೋಡುತ್ತ ಮೂರು ದಿನ ಬರೆದ. ಬರೆಯುವಾಗ ಊಟ ಮರೆತ, ಹಂಚು ಮರೆತ, ಚೀಟಿಯನ್ನೂ ಮರೆತ.

ಕೊನೆಯ ದಿನ ಎಲ್ಲರ ಚಿತ್ರಗಳನ್ನೂ ಹೆಸರಿಲ್ಲದೆ ಗೋಡೆಗೆ ಅಂಟಿಸಿದರು. ಸಿದ್ದಲಿಂಗಮ್ಮ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ನೋಡುತ್ತ ಬಂದರು. ಒಂದರ ಮುಂದೆ ನಿಂತರು. ಬಹಳ ಹೊತ್ತು ನಿಂತರು.

“ಅಳಿಯಂದ್ರೆ, ಇದು ನಿಮ್ದಲ್ವಾ?”

ಮರುಳಪ್ಪ ಎರಡೇ ಹೆಜ್ಜೆಯಲ್ಲಿ ಅವರ ಪಕ್ಕಕ್ಕೆ ಬಂದ. ಮೂವತ್ತೊಂದು ಚಿತ್ರಗಳ ನಡುವೆ ಅವರು ಅವನ ಗೆರೆಯನ್ನು ಗುರುತಿಸಿದ್ದರು!

“ಹೌದು ಅತ್ತೆ! ಹೆಂಗೆ ಗೊತ್ತಾತು?”

“ಮಿಕ್ಕಿದ್ದೆಲ್ಲಾ ನನ್ನಂಗೇ ಅದಾವೆ.”